ಕೆಲಸ ಹುಡುಕೋವಾಗ ಅರ್ಜಿಗಳ ಲೆಕ್ಕ ಇಡೋದು ಹೇಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಹುಡುಕ್ತಿರೋರು ಮಾತಿಗೆ ಸಿಕ್ಕಾಗ, ಮೆಸೇಜ್ ಹಾಕ್ದಾಗ ತಿರುಗಿ ತಿರುಗಿ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು. ಅವರು ಕೇಳಿದ ಹಾಗೇ ಹಾಕಿದೀನಿ. ಮೇಲಿನವು ಈಗಷ್ಟೇ ಶುರು ಮಾಡೋರಿಗೆ, ಕೆಳಗೆ ಹೋದಂಗೆ ಸ್ವಲ್ಪ ತಲೆನೋವಿನ ವಿಷಯಗಳು. ನಿಮಗೆ ಬೇಕಾದ್ದಷ್ಟೇ ಓದ್ಕೊಳ್ಳಿ.

## ಶುರು ಮಾಡೋರಿಗೆ

ಅಪ್ಲೈ ಮಾಡಿದ್ದೆಲ್ಲಾ ಮೇಲ್‌ನಲ್ಲೇ ಇರುತ್ತಲ್ಲ, ಬೇರೆ ಲಿಸ್ಟ್ ಯಾಕೆ?

ಇರಲ್ಲ, ಅದೇ ಸಮಸ್ಯೆ. ಎಷ್ಟೋ ಕಂಪನಿಗಳು ಅರ್ಜಿ ತಲುಪ್ತು ಅಂತ ಒಂದು ಮೇಲೂ ಹಾಕಲ್ಲ. ಹಾಕಿದ್ರೂ ಕೆಲವು ಸಲ ಅದು ಅವರು ಬಳಸೋ ಸಾಫ್ಟ್‌ವೇರ್ ಹೆಸರಲ್ಲಿ, ವರ್ಕ್‌ಡೇನೋ ಗ್ರೀನ್‌ಹೌಸೋ ಅಂತ ಬಂದಿರುತ್ತೆ, ಕಳಿಸಿದವರ ಹೆಸರು ನೋಡಿ ಹುಡುಕೋಕೆ ಹೋದ್ರೆ ಕೈಗೆ ಸಿಗಲ್ಲ. ಸಿಕ್ಕಿದ್ರೂ "ನಿಮ್ಮ ಅರ್ಜಿ ಬಂದಿದೆ, ಥ್ಯಾಂಕ್ಸ್" ಅನ್ನೋದು ಬಿಟ್ರೆ ಅದ್ರಲ್ಲಿ ಏನಿರುತ್ತೆ? ಯಾವ ರೆಸ್ಯೂಮ್ ಕಳಿಸಿದ್ರಿ, ಸಂಬಳ ಎಷ್ಟು ಬೇಕು ಅಂತ ಫಾರ್ಮಲ್ಲಿ ತುಂಬಿದ್ರಿ, ಯಾರ ಕಡೆಯಿಂದ ಹೋದ್ರಿ, ಇದ್ಯಾವುದೂ ಇಲ್ಲ. ಐದಾರು ಅರ್ಜಿ ಇರೋವರೆಗೂ ತಲೇಲೇ ನಿಲ್ಲುತ್ತೆ, ಮೂವತ್ತು ದಾಟಿದ್ಮೇಲೆ ಒಂದೇ ಪೋಸ್ಟಿಗೆ ಎರಡು ಸಲ ಹಾಕೋದು, ಫೋನ್ ಬಂದಾಗ ತಡಬಡಾಯಿಸೋದು ಎಲ್ಲಾ ಶುರು.

ಇನ್ನೊಂದು ಮಾತು. ಎಷ್ಟು ಕಡೆ ಹಾಕ್ದೆ ಅಂತ ಎಣಿಸಿಕೊಂಡು ಕೂರೋಕೆ ಲಿಸ್ಟ್ ಬೇಕಾಗಿಲ್ಲ. ಬೆಳಗ್ಗೆ ಕೂತಾಗ ಇವತ್ತು ಯಾರಿಗೆ ಮೇಲ್ ಹಾಕ್ಬೇಕು, ಯಾವ ಟೆಸ್ಟಿಗೆ ನಾಳೆ ಕೊನೇ ದಿನ ಅನ್ನೋದು ತಕ್ಷಣ ಕಣ್ಣಿಗೆ ಬೀಳ್ಬೇಕು, ಅದಕ್ಕೆ ಬೇಕು. ಕೆಳಗೆ ಹೇಳಿರೋದೆಲ್ಲಾ ಆ ಲೆಕ್ಕದಲ್ಲೇ ಓದ್ಕೊಳ್ಳಿ.

ಎಕ್ಸೆಲ್ಲಾ, ಗೂಗಲ್ ಶೀಟಾ, ನೋಟ್‌ಬುಕ್ಕಾ, ಇಲ್ಲಾ ಯಾವ್ದಾದ್ರೂ ಆ್ಯಪ್ ಇದ್ಯಾ?

ಗೂಗಲ್ ಶೀಟ್ ತಗೊಳ್ಳಿ. ರಿಕ್ರೂಟರ್ ಫೋನ್ ಮಾಡೋದು ನೀವು ಬಸ್ಸಲ್ಲೋ ಕ್ಯೂನಲ್ಲೋ ಇದ್ದಾಗ, ಆಗ ಮೊಬೈಲಲ್ಲಿ ತೆಗೆಯೋಕೆ ಆಗ್ಬೇಕು. ಇಷ್ಟೇ ಕಾರಣ, ಎಕ್ಸೆಲ್ ಫೈಲನ್ನ ಒನ್‌ಡ್ರೈವ್‌ನಲ್ಲಿ ಇಟ್ಕೊಂಡ್ರೂ ಅದೇ ಆಯ್ತು. ಕಣ್ಣೆದುರಿಗೆ ಕಾರ್ಡ್ ಥರ ಕಾಣ್ಬೇಕು, ಒಂದು ಹಂತದಿಂದ ಇನ್ನೊಂದಕ್ಕೆ ಎಳೆದು ಹಾಕ್ಬೇಕು ಅನ್ನೋರಿಗೆ ಟ್ರೆಲ್ಲೋ ಚೆನ್ನಾಗಿದೆ. ಹಂಟರ್, ಟೀಲ್ ಥರದ ಇದಕ್ಕೇ ಮಾಡಿದ ಆ್ಯಪ್‌ಗಳೂ ಇವೆ, ಬ್ರೌಸರ್ ಎಕ್ಸ್‌ಟೆನ್ಷನ್ ಹಾಕ್ಕೊಂಡ್ರೆ ಜಾಬ್ ಪೇಜಿಂದ ವಿವರ ತಾವೇ ಎಳ್ಕೋತಾವೆ. ಆದ್ರೆ ಯಾವುದೇ ಆ್ಯಪ್ ಹಿಡಿಯೋ ಮುಂಚೆ ಡೇಟಾನ ಹೊರಗೆ ತೆಗೆಯೋಕೆ ಆಗುತ್ತಾ, ಫ್ರೀ ಪ್ಲಾನಲ್ಲಿ ಎಷ್ಟರವರೆಗೆ ಬಿಡ್ತಾರೆ ಅಂತ ನೋಡ್ಕೊಳ್ಳಿ, ನಡುವಲ್ಲಿ ಸಿಕ್ಕಾಕೊಂಡ್ರೆ ಕಷ್ಟ. ನೋಟ್‌ಬುಕ್ಕೂ ತಪ್ಪಲ್ಲ, ಆದ್ರೆ ಸಾರ್ಟ್ ಮಾಡೋಕೆ ಆಗಲ್ಲ.

ಟೂಲ್ ಆರಿಸೋದ್ರಲ್ಲೇ ಒಂದು ವಾರ ಕಳೆಯೋರನ್ನ ನೋಡಿದೀನಿ. ಅದು ಅಪ್ಲೈ ಮಾಡೋದನ್ನ ಮುಂದೂಡೋಕೆ ಸಿಕ್ಕಿರೋ ನೆಪ ಅಷ್ಟೇ.

ಯಾವ್ಯಾವ ಕಾಲಮ್ ಇಡ್ಬೇಕು ಹೇಳಿಬಿಡಿ, ಹಾಗೇ ಹಾಕ್ಕೋತೀನಿ

ಕಂಪನಿ ಹೆಸರು, ಪೋಸ್ಟಿನ ಹೆಸರು (ಅವರು ಹಾಕಿದ ಹಾಗೇ, ನೀವು ಚಿಕ್ಕದು ಮಾಡ್ಬೇಡಿ), ಜಾಬ್ ಐಡಿ ಇದ್ರೆ ಅದು, ಅಪ್ಲೈ ಮಾಡಿದ ತಾರೀಖು, ಎಲ್ಲಿಂದ ಹಾಕಿದ್ದು ಅಂದ್ರೆ ಕಂಪನಿ ಸೈಟಾ ಲಿಂಕ್ಡ್‌ಇನ್ನಾ ರೆಫರಲ್ಲಾ, ಯಾವ ರೆಸ್ಯೂಮ್, ಸ್ಟೇಟಸ್, ಮುಂದಿನ ಹೆಜ್ಜೆ, ಅದರ ತಾರೀಖು, ಕೊನೇಲಿ ನೋಟ್ಸ್. ಇಷ್ಟು ಸಾಕು.

ಇದ್ರಲ್ಲಿ ಜೀವ ಇರೋದು "ಮುಂದಿನ ಹೆಜ್ಜೆ" ಮತ್ತು ಅದರ ತಾರೀಖಿನ ಕಾಲಮ್‌ಗಳಲ್ಲಿ, ಬಹಳ ಜನ ಬಿಡೋದೂ ಅವನ್ನೇ. ಓಡ್ತಿರೋ ಪ್ರತಿ ಅರ್ಜಿಗೂ ಅಲ್ಲಿ ಏನಾದ್ರೂ ಇರ್ಲೇಬೇಕು: "18ಕ್ಕೆ ಒಂದು ಮೇಲ್", "ಟೆಸ್ಟ್ 21ರೊಳಗೆ", "ಇನ್ನು ಕಾಯೋದಿಲ್ಲ, ಕ್ಲೋಸ್". ಶೀಟನ್ನ ಆ ತಾರೀಖಿನ ಮೇಲೆ ಸಾರ್ಟ್ ಮಾಡಿಡಿ, ಆಗ ಇವತ್ತಿನ ಕೆಲಸ ತಾನೇ ಮೇಲೆ ಬರುತ್ತೆ. ಕಂಪನಿ ಎಷ್ಟು ದೊಡ್ಡದು, ರಿವ್ಯೂ ಎಷ್ಟು ಸ್ಟಾರ್, ಸಿಇಓ ಯಾರು ಅಂತೆಲ್ಲಾ ಕಾಲಮ್ ಹಾಕೋದು ಶುರುವಿನ ಹುಮ್ಮಸ್ಸು, ಆಮೇಲೆ ಖಾಲಿ ಬಿದ್ದಿರುತ್ತೆ.

ಈಗಾಗ್ಲೇ ಸುಮಾರು ಕಡೆ ಹಾಕ್ಬಿಟ್ಟಿದೀನಿ, ಹಳೇದೆಲ್ಲಾ ಕೂತು ತುಂಬ್ಬೇಕಾ?

ಎಲ್ಲಾ ಬೇಡ. ಹಿಂದಿನ ಒಂದೂವರೆ ತಿಂಗಳದ್ದು ಮಾತ್ರ ಹಾಕಿ. ಮೇಲಲ್ಲಿ "ಅಪ್ಲಿಕೇಷನ್", "ಥ್ಯಾಂಕ್ ಯು ಫಾರ್ ಅಪ್ಲೈಯಿಂಗ್" ಅಂತ ಇಂಗ್ಲಿಷಲ್ಲಿ ಹೊಡೆದು ಹುಡುಕಿ, ಲಿಂಕ್ಡ್‌ಇನ್‌ನಲ್ಲಿ ಸೇವ್ ಆದ ಜಾಬ್‌ಗಳ ಜಾಗದಲ್ಲಿ ಅಪ್ಲೈಡ್ ಅನ್ನೋ ಪಟ್ಟಿ ಇದೆ, ಅಲ್ಲೂ ನೋಡಿ. ತಾರೀಖು ಪಕ್ಕಾ ಗೊತ್ತಿಲ್ದಿದ್ರೆ ಅಂದಾಜು ಹಾಕಿ ಮುಂದೆ ಹೋಗಿ. ಅದಕ್ಕಿಂತ ಹಳೇದ್ರಲ್ಲಿ ಯಾರಾದ್ರೂ ಫೋನ್ ಮಾಡಿದ್ರೆ ಆಗ ಒಂದು ಸಾಲು ಸೇರಿಸಿದ್ರಾಯ್ತು.

## ದಿನದಿನದ ಬಳಕೆ

ಎರಡು ದಿನ ಶ್ರದ್ಧೆಯಿಂದ ತುಂಬ್ತೀನಿ, ಆಮೇಲೆ ಬಿಟ್ಬಿಡ್ತೀನಿ. ಏನ್ಮಾಡ್ಲಿ?

ತುಂಬೋ ಹೊತ್ತನ್ನ ಬದಲಾಯಿಸಿ. ಸಂಜೆ ಎಲ್ಲಾ ಒಟ್ಟಿಗೆ ಹಾಕ್ತೀನಿ ಅಂದ್ರೆ ಆಗೋ ಮಾತಲ್ಲ, ಸಬ್ಮಿಟ್ ಒತ್ತೋಕೆ ಮುಂಚೆ ಸಾಲು ಹಾಕಿ, ಒತ್ತಿದ್ಮೇಲೆ ಸ್ಟೇಟಸ್ ಬದಲಾಯಿಸಿ. ಒತ್ತಿದ ಮೇಲೆ ಆ ಟ್ಯಾಬ್ ಮುಚ್ಚೋ ಆತುರ ಎಲ್ಲರಿಗೂ ಇರುತ್ತೆ.

ಟೈಪಿಂಗ್ ಕಮ್ಮಿ ಮಾಡ್ಕೊಳ್ಳಿ. ಎಕ್ಸೆಲ್‌ನಲ್ಲೂ ಗೂಗಲ್ ಶೀಟಲ್ಲೂ ಕಂಟ್ರೋಲ್ ಒತ್ಕೊಂಡು ಸೆಮಿಕೋಲನ್ ಹೊಡೆದ್ರೆ ಇವತ್ತಿನ ತಾರೀಖು ತಾನೇ ಬೀಳುತ್ತೆ. ಸ್ಟೇಟಸ್‌ಗೆ, ರೆಸ್ಯೂಮ್ ವರ್ಷನ್‌ಗೆ ಡ್ರಾಪ್‌ಡೌನ್ ಹಾಕಿ. ಮೊಬೈಲಿಂದಾನೇ ಜಾಸ್ತಿ ಅಪ್ಲೈ ಮಾಡೋರಾದ್ರೆ ನಾಲ್ಕೇ ಪ್ರಶ್ನೆಯ ಗೂಗಲ್ ಫಾರ್ಮ್ ಮಾಡಿ ಶೀಟಿಗೆ ಜೋಡಿಸಿ, ಅದರ ಲಿಂಕನ್ನ ಹೋಮ್‌ಸ್ಕ್ರೀನಲ್ಲಿ ಇಟ್ಕೊಳ್ಳಿ, ಫಾರ್ಮ್ ಕಳಿಸಿದ ಟೈಮು ತಾರೀಖು ಎಲ್ಲಾ ಅದೇ ಬರ್ಕೊಳುತ್ತೆ. ಪುಟ್ಟ ಸ್ಕ್ರೀನಲ್ಲಿ ಶೀಟಿನ ಸಣ್ಣ ಸಣ್ಣ ಕೋಣೆಗಳ ಜೊತೆ ಗುದ್ದಾಡೋ ಕಷ್ಟ ಇಲ್ಲ.

ಜಾಬ್ ಲಿಂಕ್ ಕಾಪಿ ಮಾಡಿಟ್ರೆ ಸಾಕಲ್ವಾ?

ಸಾಕಾಗಲ್ಲ. ನಿಮಗೆ ಇಂಟರ್ವ್ಯೂ ಕರೆ ಬರೋ ಹೊತ್ತಿಗೆ ಆ ಪೋಸ್ಟಿಂಗ್ ತೆಗೆದುಹಾಕಿರೋ ಸಾಧ್ಯತೆ ಜಾಸ್ತಿ, ಲಿಂಕ್ ಒತ್ತಿದ್ರೆ "ಈ ಹುದ್ದೆ ಈಗ ಲಭ್ಯವಿಲ್ಲ" ಅಂತ ಬರುತ್ತೆ, ನೀವು ಅವರು ಏನು ಕೇಳಿದ್ರು ಅಂತಾನೇ ಗೊತ್ತಿಲ್ದೆ ಹೋಗಿ ಕೂರ್ತೀರಿ. ಪೇಜಲ್ಲಿ ಪ್ರಿಂಟ್ ಕೊಟ್ಟು ಪಿಡಿಎಫ್ ಆಗಿ ಸೇವ್ ಮಾಡಿ. ಸ್ಕ್ರೀನ್‌ಶಾಟ್ ಬೇಡ, ಅದ್ರಲ್ಲಿ ಪದ ಹುಡುಕೋದು ತೊಂದರೆ, ಉದ್ದದ ಪೇಜ್ ಆದ್ರೆ ಅರ್ಧಕ್ಕೇ ಕಟ್ ಆಗಿರುತ್ತೆ. ಪ್ರಿಂಟಲ್ಲಿ ಪೇಜ್ ವಿಚಿತ್ರವಾಗಿ ಬಂದ್ರೆ ಬರೀ ಬರಹ ಕಾಪಿ ಮಾಡಿ ಒಂದು ಡಾಕ್ಯುಮೆಂಟಿಗೆ ಹಾಕಿ.

ರೆಸ್ಯೂಮ್ ನಾಲ್ಕೈದು ವರ್ಷನ್ ಆಗಿದೆ, ಯಾರಿಗೆ ಯಾವ್ದು ಹೋಯ್ತು ಅಂತ ಗೊತ್ತಾಗ್ತಿಲ್ಲ

ಹೊರಗೆ ಹೋಗೋ ಫೈಲಿಗೆ ಒಂದು ಹೆಸರು, ಮನೇಲಿ ಇಡೋ ಲೆಕ್ಕಕ್ಕೆ ಇನ್ನೊಂದು. ಅಟ್ಯಾಚ್ ಮಾಡೋ ಫೈಲಿನ ಹೆಸರು ಎದುರಿನವರಿಗೂ ಕಾಣುತ್ತೆ, "ಫೈನಲ್ ಫೈನಲ್ 3" ಅಂತ ಹೋಗ್ಬಾರ್ದು, ನಿಮ್ಮ ಹೆಸರು ಮತ್ತೆ ಪೋಸ್ಟ್, ಅಷ್ಟೇ ಇರ್ಲಿ. ನಿಮ್ಮ ಕಡೆ ಪ್ರತಿ ಕಂಪನಿಗೂ ಒಂದು ಫೋಲ್ಡರ್ ಮಾಡಿ, ಅದ್ರೊಳಗೆ ಕಳಿಸಿದ ರೆಸ್ಯೂಮ್, ಕವರ್ ಲೆಟರ್, ಮೇಲೆ ಹೇಳಿದ ಪಿಡಿಎಫ್ ಮೂರೂ ಹಾಕಿ. ಮೂಲ ವರ್ಷನ್‌ಗಳಿಗೆ ಎ, ಬಿ, ಸಿ ಅಂತ ಹೆಸರಿಟ್ಟು ಆ ಅಕ್ಷರ ಮಾತ್ರ ಶೀಟಲ್ಲಿ ಬರೀರಿ. ಕಳಿಸಿಯಾದ ಫೈಲನ್ನ ಮತ್ತೆ ತಿದ್ದಬೇಡಿ, ಅದರ ಕಾಪಿ ತೆಗೆದು ತಿದ್ದಿ. ಇಂಟರ್ವ್ಯೂನಲ್ಲಿ ಅವರ ಕೈಲಿರೋ ಹಾಳೆ ಯಾವುದೋ ಅದೇ ನಿಮ್ಮ ಮುಂದೇನೂ ಇರ್ಬೇಕು.

ಸ್ಟೇಟಸ್ ಎಷ್ಟು ಥರ ಇಡ್ಲಿ?

ಆರೇಳು. ಹಾಕ್ಬೇಕು, ಹಾಕಿದೆ, ಮಾತುಕತೆ ನಡೀತಿದೆ, ಆಫರ್, ಬೇಡ ಅಂದ್ರು, ನಾನೇ ಬಿಟ್ಟೆ, ಸದ್ದಿಲ್ಲ. ಎಷ್ಟನೇ ರೌಂಡು ಅನ್ನೋದು ನೋಟ್ಸಿಗೆ ಹೋಗ್ಲಿ.

ಲಾಗಿನ್ ಪಾಸ್‌ವರ್ಡೂ ಇದೇ ಶೀಟಲ್ಲಿ ಇಟ್ಕೊಬಹುದಾ?

ಬೇಡ. ವರ್ಕ್‌ಡೇ ಬಳಸೋ ಕಂಪನಿಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಅಕೌಂಟ್ ಮಾಡ್ಬೇಕು, ಲಾಗಿನ್ ಪೇಜ್ ನೋಡೋಕೆ ಎಲ್ಲಾ ಒಂದೇ ಥರ ಇದ್ರೂ ಒಂದರ ಪಾಸ್‌ವರ್ಡ್ ಇನ್ನೊಂದಕ್ಕೆ ನಡೆಯಲ್ಲ, ಅದಕ್ಕೇ ಜನ ಬೇಸತ್ತು ಶೀಟಲ್ಲಿ ಬರ್ದಿಡ್ತಾರೆ ಅಂತ ಗೊತ್ತು. ಆದ್ರೂ ಬಿಟ್‌ವಾರ್ಡನ್ ಥರದ ಪಾಸ್‌ವರ್ಡ್ ಮ್ಯಾನೇಜರ್ ಹಾಕ್ಕೊಳ್ಳಿ, ಇಲ್ಲಾ ಬ್ರೌಸರ್‌ದೇ ಬಳಸಿ. ಶೀಟನ್ನ ಸ್ನೇಹಿತರಿಗೆ ತೋರಿಸ್ತೀರಿ, ಲಿಂಕ್ ಶೇರ್ ಮಾಡ್ತೀರಿ, ಅಲ್ಲಿ ಪಾಸ್‌ವರ್ಡ್ ಇರ್ಬಾರ್ದು. ಎರಡು ಮೇಲ್ ಐಡಿ ಇದ್ರೆ ಯಾವುದ್ರಿಂದ ಅಕೌಂಟ್ ಮಾಡಿದ್ದು ಅಂತ ಬರ್ದಿಟ್ರೆ ಸಾಕು.

ಈಗಿರೋ ಕೆಲಸದಲ್ಲಿದ್ದೇ ಹುಡುಕ್ತಿದೀನಿ, ಆಫೀಸ್ ಲ್ಯಾಪ್‌ಟಾಪಲ್ಲಿ ಶೀಟ್ ಇಟ್ರೆ ಪರ್ವಾಗಿಲ್ವಾ?

ಆ ಲ್ಯಾಪ್‌ಟಾಪ್ ಅವರದ್ದು, ಅಕೌಂಟೂ ಅವರದ್ದು. ಅಡ್ಮಿನ್‌ಗಳು ನೋಡೋಕೆ ಆಗುತ್ತೆ, ಅದು ಬಿಡಿ, ನೀವು ಕೆಲಸ ಬಿಡೋ ದಿನ ಅಕೌಂಟ್ ಬಂದ್ ಆದ್ರೆ ಶೀಟೂ ಹೋಯ್ತು. ಸ್ವಂತ ಅಕೌಂಟು, ಸ್ವಂತ ಫೋನು. ಇಂಟರ್ವ್ಯೂ ಟೈಮನ್ನ ಆಫೀಸ್ ಕ್ಯಾಲೆಂಡರಲ್ಲಿ ಹಾಕ್ಲೇಬೇಕಾದ್ರೆ "ಬ್ಯುಸಿ" ಅಂತಷ್ಟೇ ಹಾಕಿ.

ಮೇಲ್‌ಬಾಕ್ಸ್ ತುಂಬಾ ಜಾಬ್ ಅಲರ್ಟ್, ಅದ್ರ ನಡುವೆ ನಿಜವಾದ ಮೇಲ್ ಕಳ್ದೋಗ್ತಿದೆ

ಹುಡುಕಾಟಕ್ಕೇ ಒಂದು ಹೊಸ ಮೇಲ್ ಐಡಿ ಮಾಡ್ಕೊಳ್ಳೋದು ಸುಲಭದ ದಾರಿ, ನೋಡೋದು ಮಾತ್ರ ಮರೀಬೇಡಿ. ಇಲ್ಲಾಂದ್ರೆ ಜಿಮೇಲ್‌ನಲ್ಲಿ ಒಂದು ಉಪಾಯ ಇದೆ: ನಿಮ್ಮ ಐಡಿ ಆದ್ಮೇಲೆ, ಅಟ್ ಚಿಹ್ನೆಗೆ ಮುಂಚೆ, ಪ್ಲಸ್ ಹಾಕಿ ಒಂದು ಪದ ಸೇರಿಸಿದ್ರೂ ಮೇಲ್ ನಿಮಗೇ ಬರುತ್ತೆ. ಅಲರ್ಟ್‌ಗಳಿಗೆಲ್ಲಾ ಆ ವಿಳಾಸ ಕೊಟ್ಟು, ಫಿಲ್ಟರ್ ಹಾಕಿ ಬೇರೆ ಲೇಬಲ್‌ಗೆ ತಳ್ಳಿಬಿಡಿ. ಅರ್ಜಿ ಫಾರ್ಮಲ್ಲಿ ಮಾತ್ರ ಸಾದಾ ವಿಳಾಸನೇ ಕೊಡಿ, ಕೆಲವು ಫಾರ್ಮ್ ಪ್ಲಸ್ ಚಿಹ್ನೆನ ಒಪ್ಪಲ್ಲ. ಸ್ಪ್ಯಾಮ್ ಫೋಲ್ಡರ್ ದಿನಕ್ಕೊಂದು ಸಲ ನೋಡಿ, ಆನ್‌ಲೈನ್ ಟೆಸ್ಟಿನ ಲಿಂಕ್‌ಗಳು ಅಲ್ಲಿಗೆ ಹೋಗಿ ಬೀಳೋದುಂಟು, ಅವಕ್ಕೆ ಗಡುವು ಬೇರೆ ಇರುತ್ತೆ.

## ಫೋನು, ಫಾಲೋ ಅಪ್ಪು, ಮೌನ

ರಿಕ್ರೂಟರ್ ಫೋನ್ ಮಾಡ್ದಾಗ ಯಾವ ಕಂಪನಿ ಅಂತಾನೇ ಹೊಳೆಯಲ್ಲ, ಮುಜುಗರ ಆಗುತ್ತೆ

"ಒಂದು ನಿಮಿಷ, ಸ್ವಲ್ಪ ಗಲಾಟೆ ಇಲ್ಲದ ಕಡೆ ಬರ್ತೀನಿ" ಅನ್ನಿ, ಯಾರೂ ಬೇಜಾರ್ ಮಾಡ್ಕೊಳಲ್ಲ. ಅಷ್ಟರಲ್ಲಿ ಶೀಟಲ್ಲಿ ಕಂಪನಿ ಹೆಸರು ಹುಡುಕಿ. ಮಾತು ಮುಗಿದ ಕೂಡ್ಲೇ ನಂಬರನ್ನ ಕಂಪನಿ ಹೆಸರು, ಪೋಸ್ಟ್ ಸಮೇತ ಸೇವ್ ಮಾಡಿ, ಮುಂದಿನ ಸಲ ಫೋನ್ ಎತ್ತೋಕೆ ಮುಂಚೇನೇ ಗೊತ್ತಾಗುತ್ತೆ.

ಆಮೇಲೆ ನೋಟ್ಸ್. "ಮಾತಾಡಿದೆ, ಚೆನ್ನಾಗಿತ್ತು" ಅಂತ ಬರೆದ್ರೆ ಎರಡು ವಾರ ಬಿಟ್ಟು ಅದು ಯಾವ ಪ್ರಯೋಜನಕ್ಕೂ ಬರಲ್ಲ. ಹೀಗೆ ಬರೀರಿ: "12ನೇ ತಾರೀಖು, ಎಚ್‌ಆರ್ ಫೋನ್. ಟೀಮಲ್ಲಿ 6 ಜನ, ತಿಂಗಳಿಗೊಂದು ವಾರ ರಾತ್ರಿ ಶಿಫ್ಟ್. ಸಂಬಳ ಕೇಳಿದ್ರು, ನಿಮ್ಮ ರೇಂಜ್ ಹೇಳಿ ಅಂದೆ, ಹೇಳ್ಲಿಲ್ಲ. ಮೊದಲ ಕಂಪನಿ ಯಾಕೆ ಬಿಟ್ರಿ ಅಂತ ಎರಡು ಸಲ ಕೇಳಿದ್ರು. ಮುಂದಿನ ರೌಂಡ್ ಮ್ಯಾನೇಜರ್ ಜೊತೆ, ಗುರುವಾರದೊಳಗೆ ಟೈಮ್ ಹೇಳ್ತಾರಂತೆ." ಇದ್ರಲ್ಲಿ ಮುಂದಿನ ರೌಂಡಿಗೆ ಏನು ತಯಾರಿ ಮಾಡ್ಬೇಕು ಅನ್ನೋದೂ ಇದೆ, ಶುಕ್ರವಾರ ಯಾರಿಗೆ ಮೇಲ್ ಹಾಕ್ಬೇಕು ಅನ್ನೋದೂ ಇದೆ. ಸಂಬಳದ ಬಗ್ಗೆ ನಿಮ್ಮ ಬಾಯಿಂದ ಬಂದ ಅಂಕಿ ಏನಾದ್ರೂ ಇದ್ರೆ ಅದನ್ನ ತಪ್ಪದೇ ಬರೀರಿ, ಆಫರ್ ಹೊತ್ತಲ್ಲಿ ಅವರು ಅದನ್ನೇ ತೆಗೀತಾರೆ.

ಅಪ್ಲೈ ಮಾಡಿ ಎಷ್ಟು ದಿನಕ್ಕೆ ಫಾಲೋ ಅಪ್ ಮಾಡ್ಬೇಕು?

ಬರೀ ಅರ್ಜಿ ಹಾಕಿದ್ರೆ ಒಂದರಿಂದ ಎರಡು ವಾರ ಬಿಡಿ, ಅದೂ ಕಳಿಸೋಕೆ ನಿಜವಾದ ಮನುಷ್ಯರ ವಿಳಾಸ ಇದ್ರೆ ಮಾತ್ರ. ನೋ ರಿಪ್ಲೈ ವಿಳಾಸಕ್ಕೆ ಹಾಕಿದ್ರೆ ಗೋಡೆಗೆ ಹೇಳಿದಂಗೆ. ಇಂಟರ್ವ್ಯೂ ಆಗಿದ್ರೆ ಅವತ್ತೋ ಮಾರನೇ ದಿನವೋ ಎರಡು ಸಾಲಿನ ಥ್ಯಾಂಕ್ಸ್, ಅವರು ಯಾವಾಗ ಹೇಳ್ತೀವಿ ಅಂದಿದ್ರೋ ಆ ದಿನ ದಾಟಿ ಎರಡು ಕೆಲಸದ ದಿನ ಆದ್ಮೇಲೆ ಒಂದು ವಿಚಾರಣೆ, ಅದಕ್ಕೂ ಉತ್ತರ ಇಲ್ಲಾಂದ್ರೆ ಒಂದು ವಾರ ಬಿಟ್ಟು ಕೊನೇದು. ಮೂರನೇ ಸಲ ಕೇಳ್ಬೇಡಿ. ಒಂದು ಮೇಲ್ ಹೋದ ತಕ್ಷಣ ಮುಂದಿನ ತಾರೀಖನ್ನ ಶೀಟಲ್ಲಿ ಬದಲಾಯಿಸಿ, ಇಲ್ಲಾಂದ್ರೆ ನಾಳೆ ಮತ್ತೆ ಅದೇ ಮೇಲೆ ಕೂತಿರುತ್ತೆ.

ಪೋರ್ಟಲಲ್ಲಿ ತಿಂಗಳಿಂದ 'ಅಂಡರ್ ರಿವ್ಯೂ' ಅಂತಿದೆ, ಇದರ ಅರ್ಥ ಏನು?

ಹೆಚ್ಚೇನೂ ಇಲ್ಲ. ಆ ಸ್ಟೇಟಸನ್ನ ಬಹಳ ಕಡೆ ಒಬ್ಬರು ಕೈಯಾರೆ ಬದಲಾಯಿಸ್ಬೇಕು, ಬೇರೆಯವರು ಸೇರ್ಕೊಂಡು ಎಷ್ಟೋ ದಿನ ಆದ್ಮೇಲೆ ಯಾರೋ ಆ ಹುದ್ದೆನ ಸಿಸ್ಟಮಲ್ಲಿ ಮುಚ್ಚಿದಾಗ ಉಳಿದವರಿಗೆಲ್ಲಾ ಒಂದೇ ಸಲ ರಿಜೆಕ್ಟ್ ಮೇಲ್ ಹೋಗೋದೂ ಇದೆ. ವಾರಕ್ಕೊಂದು ಸಲ ನೋಡಿ ಸಾಕು.

ರಿಪ್ಲೈನೇ ಬರ್ದಿದ್ರೆ ಯಾವಾಗ ಕೈ ಬಿಡ್ಲಿ?

ನಿಮ್ಮದೇ ಒಂದು ಗಡಿ ಹಾಕ್ಕೊಳ್ಳಿ, 30 ದಿನ ಅಥವಾ 45. ದಾಟಿದ್ರೆ "ಸದ್ದಿಲ್ಲ" ಅಂತ ಹಾಕಿ ಕೆಳಗೆ ತಳ್ಳಿ. ಶೀಟಲ್ಲಿ ಕಂಡಿಷನಲ್ ಫಾರ್ಮ್ಯಾಟಿಂಗ್ ಹಾಕಿ, ಇವತ್ತಿನ ತಾರೀಖಿನಿಂದ ಅಪ್ಲೈ ಮಾಡಿದ ತಾರೀಖು ಕಳೆದ್ರೆ 30ಕ್ಕಿಂತ ಜಾಸ್ತಿ ಬಂದು, ಸ್ಟೇಟಸ್ ಇನ್ನೂ "ಹಾಕಿದೆ" ಅಂತಾನೇ ಇದ್ರೆ ಸಾಲು ಬೂದು ಬಣ್ಣ ಆಗೋ ಹಾಗೆ ಮಾಡಿದ್ರೆ ನೀವು ತಲೆ ಕೆಡಿಸ್ಕೊಳ್ಳೋದೇ ಬೇಡ. ಆದ್ರೆ ಸಾಲು ಡಿಲೀಟ್ ಮಾಡ್ಬೇಡಿ, ರಿಜೆಕ್ಟ್ ಜೊತೆ ಸೇರಿಸ್ಲೂಬೇಡಿ. ಎರಡೂ ಬೇರೆ ಬೇರೆ ಸುದ್ದಿ, ಮುಂದೆ ಲೆಕ್ಕ ಹಾಕೋವಾಗ ಬೇಕಾಗುತ್ತೆ, ಮತ್ತೆ ಎರಡು ತಿಂಗಳು ಬಿಟ್ಟು ಫೋನ್ ಬರೋದೂ ಇಲ್ಲದಿಲ್ಲ.

ಫೋನ್ ಬಂತು, ನೀವು ಅಪ್ಲೈ ಮಾಡಿದ್ರಿ ಅಂತಾರೆ, ಆದ್ರೆ ಶೀಟಲ್ಲೇ ಇಲ್ಲ. ಫ್ರಾಡಾ?

ಆಗ್ಲೇಬೇಕಂತಿಲ್ಲ, ಜಾಬ್ ಸೈಟ್‌ಗಳಲ್ಲಿ ನಿಮ್ಮ ಪ್ರೊಫೈಲ್ ನೋಡಿ ಫೋನ್ ಮಾಡೋರು ಇರ್ತಾರೆ. ಜಾಬ್ ಐಡಿ ಕೇಳಿ, ಕಂಪನಿ ಡೊಮೇನಿಂದ ಮೇಲ್ ಹಾಕಿ ಅನ್ನಿ, ಕಂಪನಿ ಸೈಟಿನ ಕೆರಿಯರ್ ಪೇಜಲ್ಲಿ ಆ ಹುದ್ದೆ ಇದ್ಯಾ ನೋಡಿ. ರಿಜಿಸ್ಟ್ರೇಷನ್, ಟ್ರೈನಿಂಗ್, ಲ್ಯಾಪ್‌ಟಾಪ್ ಡೆಪಾಸಿಟ್ ಅಂತ ದುಡ್ಡು ಕೇಳಿದ್ರೆ ಅಲ್ಲಿಗೆ ಫೋನ್ ಇಡಿ, ಓಟಿಪಿ ಕೇಳಿದ್ರೂ ಅಷ್ಟೇ. ಶೀಟ್ ಇದ್ದೋರಿಗೆ ಇಲ್ಲಿ ಲಾಭ ಇದೆ, "ನಾನು ಹಾಕೇ ಇಲ್ವಲ್ಲ" ಅಂತ ಧೈರ್ಯವಾಗಿ ಹೇಳ್ಬಹುದು.

## ಸ್ವಲ್ಪ ಮುಂದೆ ಹೋದೋರಿಗೆ

ಎರಡು ಕನ್ಸಲ್ಟೆನ್ಸಿಯವರು ಒಂದೇ ಕಂಪನಿಗೆ ನನ್ನ ರೆಸ್ಯೂಮ್ ಕಳಿಸಿದ್ರೆ ತೊಂದ್ರೆನಾ?

ತೊಂದ್ರೆನೇ. ಆಯ್ಕೆ ಆದ್ರೆ ಕಮಿಷನ್ ಯಾರಿಗೆ ಅನ್ನೋ ಜಗಳ ಬೇಡ ಅಂತ ಕೆಲವು ಕಂಪನಿಗಳು ಅಂಥ ಅರ್ಜಿನ ಪಕ್ಕಕ್ಕೇ ಇಟ್ಬಿಡ್ತಾವೆ. ನೇರವಾಗಿ ನೀವು ಹಾಕಿದ್ಮೇಲೆ ಒಳಗಿರೋ ಸ್ನೇಹಿತರು ರೆಫರ್ ಮಾಡೋಕೆ ಹೋದ್ರೂ ಸಿಸ್ಟಮ್ ಎಷ್ಟೋ ಕಡೆ ತಗೊಳಲ್ಲ, ಹಾಗಾಗಿ ರೆಫರಲ್ ಸಿಗೋ ಹಾಗಿದ್ರೆ ಮೊದಲು ಅದನ್ನ ಕೇಳಿ. ಕನ್ಸಲ್ಟೆಂಟ್‌ಗೆ "ಕ್ಲೈಂಟ್ ಹೆಸರು ಹೇಳಿ, ನಾನು ಹೂಂ ಅಂದ್ಮೇಲೆ ಕಳಿಸಿ" ಅಂತ ಮೇಲಲ್ಲಿ ಬರೆದು ಹಾಕಿ, ಹೂಂ ಅಂದ ತಾರೀಖು, ಅವರ ಹೆಸರು ಎರಡೂ ಶೀಟಲ್ಲಿ ಇರ್ಲಿ. ಕ್ಲೈಂಟ್ ಹೆಸರು ಹೇಳದೇ ಇರೋರಿಗೆ ರೆಸ್ಯೂಮ್ ಕೊಡೋ ಮುಂಚೆ ನಾನಾದ್ರೆ ಎರಡು ಸಲ ಯೋಚಿಸ್ತೀನಿ.

ಶೀಟ್ ನೋಡಿ ಎಲ್ಲಿ ಎಡವ್ತಿದೀನಿ ಅಂತ ಹೇಗೆ ಗೊತ್ತು ಮಾಡ್ಕೊಳ್ಳೋದು?

ಹಂತಹಂತವಾಗಿ ಎಣಿಸಿ. ಕೌಂಟ್‌ಇಫ್ ಫಾರ್ಮುಲಾ ಸಾಕು, ಪಿವೋಟ್ ಟೇಬಲ್ ಬರೋರು ಅದು ಮಾಡಿ. ಉದಾಹರಣೆಗೆ 60 ಹಾಕಿದೀರಿ, ಫೋನ್ ಬಂದಿದ್ದು 2, ಅಂದ್ರೆ ನೀವು ಇಂಟರ್ವ್ಯೂಗೆ ಎಷ್ಟು ಓದಿದ್ರೂ ಪ್ರಯೋಜನ ಇಲ್ಲ, ಸಮಸ್ಯೆ ಅದಕ್ಕೂ ಮುಂಚೆ ಇದೆ: ರೆಸ್ಯೂಮಲ್ಲಿ, ಇಲ್ಲಾ ನಿಮಗೆ ಹೊಂದದ ಪೋಸ್ಟ್‌ಗಳಿಗೆ ಹಾಕ್ತಿರೋದ್ರಲ್ಲಿ. 60ಕ್ಕೆ 12 ಫೋನ್ ಬಂದು ಎರಡನೇ ರೌಂಡಿಗೆ ಒಂದೂ ಹೋಗಿಲ್ಲ ಅಂದ್ರೆ ರೆಸ್ಯೂಮನ್ನ ಮುಟ್ಟಬೇಡಿ, ಆ ಮೊದಲ ಮಾತುಕತೆ ನೋಡಿ, ಬಹುಶಃ ಸಂಬಳದ ಉತ್ತರ ಅಥವಾ ನೋಟಿಸ್ ಪೀರಿಯಡ್ ಅಡ್ಡ ಬರ್ತಿದೆ, ನೋಟ್ಸ್ ಸರಿಯಾಗಿ ಬರೆದಿದ್ರೆ ಅಲ್ಲೇ ಕಾಣುತ್ತೆ. ಕೊನೇ ರೌಂಡಿಗೆ ಹೋಗಿ ಹೋಗಿ ವಾಪಸ್ ಬರ್ತಿದ್ರೆ ಅದು ಇನ್ನೊಂದು ಕಥೆ, ಅಲ್ಲಿ ಪೈಪೋಟಿಯ ಪಾತ್ರ ದೊಡ್ಡದು.

ಆಮೇಲೆ "ಎಲ್ಲಿಂದ" ಅನ್ನೋ ಕಾಲಮ್ ಪ್ರಕಾರ ಬೇರೆ ಮಾಡಿ ನೋಡಿ. ಈಸಿ ಅಪ್ಲೈ ಒತ್ತಿದ್ದು 40, ಉತ್ತರ ಸೊನ್ನೆ, ರೆಫರಲ್ 6, ಅದ್ರಲ್ಲಿ ಫೋನ್ 2 ಅಂತ ಇದ್ರೆ ನಾಳೆಯ ಟೈಮ್ ಎಲ್ಲಿ ಹಾಕ್ಬೇಕು ಅಂತ ಯಾರೂ ಹೇಳ್ಬೇಕಿಲ್ಲ. ಸಾಧ್ಯ ಆದ್ರೆ ಪೋಸ್ಟಿಂಗ್ ಹಾಕಿದ ತಾರೀಖೂ ಬರೀರಿ, ನೀವು ಯಾವಾಗ್ಲೂ ಮೂರು ವಾರ ಹಳೇದಕ್ಕೇ ಹಾಕ್ತಿದೀರಾ ಅನ್ನೋದು ಗೊತ್ತಾಗುತ್ತೆ.

ಒಂದೇ ಎಚ್ಚರಿಕೆ. ಎ ರೆಸ್ಯೂಮ್ 8 ಕಡೆ ಹೋಗಿ 1 ಫೋನ್, ಬಿ 9 ಕಡೆ ಹೋಗಿ 2 ಫೋನ್ ಅಂದ್ರೆ ಬಿ ಗೆದ್ದಂಗೆ ಅಲ್ಲ, ಅಷ್ಟು ಕಮ್ಮಿ ಸಂಖ್ಯೆಯಲ್ಲಿ ಅದು ಬರೀ ಅದೃಷ್ಟ ಇರ್ಬಹುದು. ಪ್ರತಿ ವಾರ ರೆಸ್ಯೂಮ್ ಬದಲಾಯಿಸ್ತಿದ್ರೆ ಯಾವುದೂ ಗೊತ್ತಾಗಲ್ಲ.

ತಾರೀಖಿನ ಮೇಲೆ ಸಾರ್ಟ್ ಮಾಡಿದ್ರೆ ಉಲ್ಟಾಪಲ್ಟಾ ಬರ್ತಿದೆ

ಅರ್ಧ ತಾರೀಖುಗಳು ತಾರೀಖಾಗೇ ಇಲ್ಲ, ಬರಹ ಆಗಿ ಕೂತಿವೆ. ಕೋಣೆಯ ಎಡಕ್ಕೆ ಅಂಟ್ಕೊಂಡಿದ್ರೆ ಸಾಮಾನ್ಯವಾಗಿ ಬರಹ, ಬಲಕ್ಕಿದ್ರೆ ತಾರೀಖು. ದಿನ ಮೊದಲಾ ತಿಂಗಳು ಮೊದಲಾ ಅನ್ನೋ ಸೆಟ್ಟಿಂಗ್ ನಿಮ್ಮ ಶೀಟಲ್ಲಿ ಒಂದಿದ್ದು ನೀವು ಇನ್ನೊಂದು ಥರ ಹೊಡೆದ್ರೆ ಹೀಗಾಗುತ್ತೆ, 03/04 ಏಪ್ರಿಲ್ಲಾ ಮಾರ್ಚಾ ಅಂತ ಅದಕ್ಕೂ ಗೊತ್ತಿಲ್ಲ. ಗೂಗಲ್ ಶೀಟಲ್ಲಿ ಫೈಲ್ ಮೆನು, ಸೆಟ್ಟಿಂಗ್ಸ್, ಲೊಕೇಲ್ ಸರಿ ಮಾಡಿ. ಇಲ್ಲಾ ವರ್ಷ, ತಿಂಗಳು, ದಿನ ಅನ್ನೋ ಕ್ರಮದಲ್ಲಿ 2025-04-03 ಅಂತ ಹಾಕಿ, ಅದು ಐಎಸ್‌ಓ 8601 ಮಾನದಂಡ, ಅಪ್ಪಿತಪ್ಪಿ ಇಡೀ ಕಾಲಮ್ ಬರಹ ಆಗಿ ಉಳಿದ್ರೂ ಸಾರ್ಟ್ ಸರಿಯಾಗೇ ಬರುತ್ತೆ.

ಬೇರೆ ದೇಶದ ಕಂಪನಿ, ಇಂಟರ್ವ್ಯೂ ಟೈಮ್ ತಪ್ಪೋಗೋ ಭಯ

ಐಎಸ್‌ಟಿ ಅಂದ್ರೆ ಭಾರತದ್ದೂ ಹೌದು, ಐರ್ಲೆಂಡ್‌ದೂ ಹೌದು, ಇಸ್ರೇಲ್‌ದೂ ಹೌದು. ಹಾಗಾಗಿ ಊರಿನ ಹೆಸರು ಹೇಳಿ ಟೈಮ್ ಕೇಳಿ, ಶೀಟಲ್ಲಿ ನಿಮ್ಮ ಟೈಮೇ ಬರೀರಿ, ಪಕ್ಕದಲ್ಲಿ ಅವರದ್ದು. ಕ್ಯಾಲೆಂಡರ್ ಇನ್ವೈಟ್ ಬಂದ್ರೆ ಒಪ್ಕೊಳ್ಳಿ, ಅದು ತಾನೇ ಬದಲಾಯಿಸ್ಕೊಳುತ್ತೆ. ಮಾರ್ಚ್ ಮತ್ತೆ ಅಕ್ಟೋಬರ್ ಕೊನೆ, ನವೆಂಬರ್ ಮೊದಲಲ್ಲಿ ಜಾಸ್ತಿ ಹುಷಾರು: ಅಮೆರಿಕದವರು ಗಡಿಯಾರ ಮುಂದೆ ಇಡೋದು ಮಾರ್ಚಿನ ಎರಡನೇ ಭಾನುವಾರ, ಯುರೋಪಿನವರು ಕೊನೇ ಭಾನುವಾರ, ಹಿಂದಕ್ಕೆ ಇಡೋದೂ ಬೇರೆ ಬೇರೆ ದಿನ. ಆ ನಡುವಿನ ವಾರಗಳಲ್ಲಿ ನಿಮಗೆ ಬಾಯಿಪಾಠ ಇರೋ ಲೆಕ್ಕ ಒಂದು ಗಂಟೆ ತಪ್ಪುತ್ತೆ.

ಒಂದು ಆಫರ್ ಬಂದಿದೆ, ಇನ್ನೆರಡು ಕಡೆ ನಡೀತಿದೆ. ಹೇಗೆ ಸಂಭಾಳಿಸೋದು?

ಆಫರ್‌ಗಳಿಗೆ ಬೇರೆ ಟ್ಯಾಬ್ ಮಾಡಿ. ಉತ್ತರ ಕೊಡೋ ಕೊನೇ ದಿನ ಮೊದಲ ಕಾಲಮ್. ಆಮೇಲೆ ಖಚಿತ ಸಂಬಳ, ಸಿಕ್ಕರೆ ಸಿಗೋ ಬೋನಸ್ (ಎರಡನ್ನೂ ಕೂಡಿಸಿ ಒಂದೇ ಅಂಕಿ ಬರೀಬೇಡಿ), ಜಾಯ್ನಿಂಗ್ ಬೋನಸ್ ಇದ್ರೆ ಎಷ್ಟು ತಿಂಗಳೊಳಗೆ ಬಿಟ್ರೆ ವಾಪಸ್ ಕೊಡ್ಬೇಕು, ಪ್ರೊಬೇಷನ್, ನೋಟಿಸ್ ಪೀರಿಯಡ್, ಆಫೀಸಿಗೆ ವಾರಕ್ಕೆಷ್ಟು ದಿನ. ಬಾಯಲ್ಲಿ ಹೇಳಿದ್ದು ಯಾವುದು, ಲೆಟರಲ್ಲಿ ಇರೋದು ಯಾವುದು ಅಂತ ಗುರುತು ಹಾಕಿ. ಉಳಿದೆರಡು ಕಂಪನಿಗೆ ಆವತ್ತೇ ಮೇಲ್ ಹಾಕಿ, ನನಗೆ ಇಂಥ ದಿನದೊಳಗೆ ಒಂದು ಕಡೆ ಉತ್ತರ ಕೊಡ್ಬೇಕಿದೆ, ನಿಮ್ಮ ಪ್ರಕ್ರಿಯೆ ಅಷ್ಟರಲ್ಲಿ ಮುಗಿಯುತ್ತಾ ಅಂತ. ಮನಸ್ಸಿದ್ದವರು ಬೇಗ ಮುಗಿಸ್ತಾರೆ.

ಕೆಲಸ ಸಿಕ್ತು, ಶೀಟ್ ಡಿಲೀಟ್ ಮಾಡ್ಲಾ?

ಸೇರೋವರೆಗೂ ಮುಟ್ಟಬೇಡಿ, ಆಫರ್ ಕೊನೇ ಗಳಿಗೇಲಿ ಹಿಂದೆ ಹೋಗೋದೂ ಇದೆ. ಸೇರಿದ ಮೇಲೆ "ಮಾತುಕತೆ ನಡೀತಿದೆ" ಅಂತಿರೋ ಸಾಲುಗಳಿಗೆಲ್ಲಾ ಒಂದೊಂದು ಮೇಲ್ ಹಾಕಿ ಅರ್ಜಿ ವಾಪಸ್ ತಗೊಳ್ಳಿ, ಜಾಬ್ ಅಲರ್ಟ್ ಆಫ್ ಮಾಡಿ, ಲಿಂಕ್ಡ್‌ಇನ್‌ನಲ್ಲಿ ಓಪನ್ ಟು ವರ್ಕ್ ತೆಗೀರಿ, ರೆಫರ್ ಮಾಡಿದವರಿಗೆ ಸುದ್ದಿ ಹೇಳಿ. ಆಮೇಲೆ ಶೀಟಿನ ಹೆಸರಿಗೆ ವರ್ಷ ಸೇರಿಸಿ ಡ್ರೈವಲ್ಲಿ ಒಂದು ಮೂಲೇಲಿ ಇಡಿ, ಯಾರಿಗಾದ್ರೂ ಶೇರ್ ಮಾಡಿದ್ರೆ ಅದನ್ನ ತೆಗೀರಿ. ಮುಂದಿನ ಸಲ ಹುಡುಕೋವಾಗ ರಿಕ್ರೂಟರ್‌ಗಳ ಹೆಸರು, ನಂಬರು, ಯಾವ ಕಂಪನಿ ಎಷ್ಟು ರೌಂಡ್ ಮಾಡುತ್ತೆ ಅನ್ನೋದೆಲ್ಲಾ ಅಲ್ಲೇ ಸಿಗುತ್ತೆ.